ಮೀನಿಗೂ ಕಷಾಯ: ಬೇಲಿಯ ಗಿಡ ಯಾರ ಸೊತ್ತು?

ಮೀನಿಗೂ ಕಷಾಯ ಬಂದಿದೆ. ನಗುವ ಮಾತಲ್ಲ. ಅಮೃತಬಳ್ಳಿ, ಅರಿಸಿನ, ಬೇವು, ತುಳಸಿ, ಬೆಳ್ಳುಳ್ಳಿ, ಅಶ್ವಗಂಧ ಮುಂತಾಗಿ ನಮ್ಮ ಅಜ್ಜಿಯರು ಮನೆಮದ್ದಿಗೆ ಬಳಸುತ್ತಿದ್ದ ಸಾಮಾನುಗಳೆಲ್ಲ ಈಗ ಸೀಸೆಯಲ್ಲಿ, ಡಬ್ಬಿಯಲ್ಲಿ ತುಂಬಿ, ಮೀನು ಸಾಕುವವರ ಬಾಗಿಲಿಗೆ ಬರುತ್ತಿವೆ. ಮೀನಿನ ಮೇವಿಗೆ ಕಲಸಿ ಹಾಕಿದರೆ ರೋಗ ತಡೆಯುವ ಶಕ್ತಿ ಬೆಳೆಯುತ್ತದೆ, ಮೀನು ಸಾಯುವುದಿಲ್ಲ, ತೂಕ ಏರುತ್ತದೆ ಎಂದು ಮಾರುವವರ ಮಾತು.

ಗಿರಣಿಯಲ್ಲಿ ಪಾಳಿ ಮುಗಿಸಿ ಮನೆಗೆ ಬರುವವನಿಗೂ ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನಿಗೂ ಮೀನಿನ ಮದ್ದಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಗೊಡವೆ ಇದೆ. ಕುರಿಯ ಮಾಂಸ ದುಡಿಯುವವರ ಕೈಗೆ ಎಟುಕದಷ್ಟು ಮೇಲೇರಿ ವರ್ಷಗಳಾದುವು. ಭಾನುವಾರ ನಮ್ಮ ಪೇಟೆಯ ಮನೆಗಳಲ್ಲಿ ಬೇಯುವುದು ಹೆಚ್ಚಾಗಿ ರೋಹು, ಕಾಟ್ಲಾ, ಇಲ್ಲವೇ ಜಿಲೇಬಿ ಮೀನು. ಇವು ಹೊಳೆಯಲ್ಲಿ ತಾವಾಗಿ ಬೆಳೆದು ಬಂದವಲ್ಲ, ಬಹುಪಾಲು ಕೊಳದಲ್ಲಿ ಸಾಕಿದವು. 2022-23ರಲ್ಲಿ ದೇಶದಲ್ಲಿ ದೊರೆತ ಮೀನು ಸುಮಾರು 175 ಲಕ್ಷ ಟನ್ನು. ಅದರಲ್ಲಿ ಮುಕ್ಕಾಲು ಪಾಲು ಸಮುದ್ರದ್ದಲ್ಲ, ಒಳನಾಡಿನದು. ಆ ಮೀನು ತಿನ್ನುವುದೇನು? ಅಕ್ಕಿ ಗಿರಣಿಯ ತೌಡು, ಎಣ್ಣೆ ಗಿರಣಿಯ ಕಡಲೆಕಾಯಿ ಹಿಂಡಿ. ನಮ್ಮ ಓದುಗರಲ್ಲಿ ಎಷ್ಟೋ ಜನ ಹೊತ್ತು ಲಾರಿಗೆ ತುಂಬಿದ ಚೀಲವೇ ಕೊಳದ ದಡ ಸೇರಿ, ಮೀನಾಗಿ ತಿರುಗಿ, ಅವರ ತಟ್ಟೆಗೇ ಬರುತ್ತದೆ. ನಡುವೆ ಏನು ಸೇರಿತು ಎಂದು ಕೇಳುವ ಹಕ್ಕು ಅವರಿಗಿದೆ.

ಮೀನಿಗೆ ರೋಗ ಹೇಗೆ ಬರುತ್ತದೆಂಬುದನ್ನು ಮೊದಲು ನೋಡೋಣ. ಏರೋಮೋನಾಸ್ ಎಂಬ ಒಂದು ಜಾತಿಯ ಸೂಕ್ಷ್ಮಜೀವಿ ಸಿಹಿನೀರಿನಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ನೀರು ಚೊಕ್ಕಟವಾಗಿದ್ದು, ಮೀನಿಗೆ ಓಡಾಡಲು ಜಾಗವಿದ್ದು, ಹೊಟ್ಟೆಗೆ ಸರಿಯಾಗಿ ಬೀಳುತ್ತಿದ್ದರೆ ಅದು ಸುಮ್ಮನಿರುತ್ತದೆ. ಕೊಳದಲ್ಲಿ ಮೀನು ಕಿಕ್ಕಿರಿದಾಗ, ತಿಂದುಳಿದ ಮೇವು ತಳದಲ್ಲಿ ಕೊಳೆತಾಗ, ಮಳೆಗಾಲ ಕಳೆದು ಚಳಿ ಬಿದ್ದಾಗ ಅದೇ ಜೀವಿ ಮೀನಿನ ಮೈಹೊಕ್ಕುತ್ತದೆ. ಹೊಟ್ಟೆ ಉಬ್ಬುತ್ತದೆ, ಹುರುಪೆ ನಿಗುರಿ ನಿಲ್ಲುತ್ತದೆ, ರೆಕ್ಕೆಯ ಬುಡ ಕೆಂಪಾಗುತ್ತದೆ, ಮೈಮೇಲೆ ಹುಣ್ಣು ಏಳುತ್ತದೆ. 1988ರಲ್ಲಿ ಈಶಾನ್ಯ ರಾಜ್ಯಗಳ ಕಡೆಯಿಂದ ದೇಶದೊಳಗೆ ಬಂದ ಹುಣ್ಣುರೋಗ ಬೇರೆಯದು. ಅದಕ್ಕೆ ಮೂಲ ಒಂದು ಬೂಷ್ಟು. ಅದು ಕೆಲವೇ ವರ್ಷಗಳಲ್ಲಿ ಕೇರಳದವರೆಗೆ ಹಬ್ಬಿ, ಮೀನು ಮಾರುವ ಬಡ ಹೆಂಗಸರ ಬುಟ್ಟಿಯನ್ನು ಯಾರೂ ಮುಟ್ಟದಂತೆ ಮಾಡಿತ್ತು. ಆಗ ಕೊಳಕ್ಕೆ ಸುಣ್ಣ ಮತ್ತು ಅರಿಸಿನ ಹಾಕಿ ಉಳಿದವರು ಎಷ್ಟೋ ಮಂದಿ.

ಮೀನು ಸಾಯತೊಡಗಿದರೆ ಸಾಕಿದವನು ಸುಮ್ಮನೆ ಕೂರಲಾರ. ಔಷಧದಂಗಡಿಗೆ ಓಡಿ ಆ್ಯಂಟಿಬಯಾಟಿಕ್ ತಂದು ಮೇವಿಗೆ ಕಲಸುತ್ತಾನೆ. ಎಷ್ಟು ಹಾಕಬೇಕು, ಎಷ್ಟು ದಿನ ಹಾಕಬೇಕು, ಹಾಕಿದ ಮೇಲೆ ಎಷ್ಟು ದಿನ ಬಿಟ್ಟು ಮೀನು ಹಿಡಿಯಬೇಕು ಎಂದು ಅವನಿಗೆ ಹೇಳುವವರಿಲ್ಲ. ಔಷಧದಲ್ಲಿ ಒಂದು ಪಾಲು ಮೀನಿನ ಹೊಟ್ಟೆಗೆ ಹೋಗುತ್ತದೆ, ಉಳಿದದ್ದು ನೀರಿಗೆ. ಆ ನೀರು ಕಾಲುವೆಗೆ. ಕಾಲುವೆಯ ಸೂಕ್ಷ್ಮಜೀವಿಗಳು ಆ ಔಷಧಕ್ಕೆ ಪಳಗಿ, ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ವೈದ್ಯರು ಕೊಡುವ ಅದೇ ಔಷಧಕ್ಕೆ ಜಗ್ಗದೆ ನಿಲ್ಲುತ್ತವೆ. ಇದು ಬರಿಯ ಹೆದರಿಕೆಯ ಮಾತಲ್ಲ, ಜಗತ್ತಿನ ಆರೋಗ್ಯ ಇಲಾಖೆಗಳೆಲ್ಲ ಒಪ್ಪಿರುವ ವಿಷಯ.

ಇಲ್ಲಿ ಎರಡು ನ್ಯಾಯ ನಡೆದಿರುವುದನ್ನು ಓದುಗರು ಗಮನಿಸಬೇಕು. ಯೂರೋಪಿಗೆ ಹಡಗೇರುವ ಸಾಕಿದ ಸಿಗಡಿಯನ್ನು ಕೊಳದಿಂದ ಎತ್ತುವ ಮುಂಚೆಯೇ ಸಾಗರೋತ್ಪನ್ನ ರಫ್ತು ಮಂಡಳಿಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುತ್ತಾರೆ. ಕ್ಲೋರಾಂಫೆನಿಕಾಲ್ ಇದೆಯೇ, ನೈಟ್ರೋಫ್ಯೂರಾನ್ ಇದೆಯೇ ಎಂದು ಸೂಕ್ಷ್ಮವಾಗಿ ಹುಡುಕುತ್ತಾರೆ. ಸಿಕ್ಕರೆ ಸರಕು ವಾಪಸು ಬರುತ್ತದೆಂಬ ಭಯ. ಒಳ್ಳೆಯದೇ. ಆದರೆ ನಮ್ಮ ಸಂತೆಯ ರೋಹುವನ್ನು ಹೀಗೆ ಪರೀಕ್ಷಿಸಿದ ಅಧಿಕಾರಿಯನ್ನು ನಾವು ಇದುವರೆಗೆ ಒಮ್ಮೆಯೂ ಕಂಡಿಲ್ಲ. ಕಾಯಿದೆಯ ಪುಸ್ತಕದಲ್ಲಿ ಆ ಔಷಧಗಳು ನಮ್ಮ ಮೀನಿಗೂ ನಿಷಿದ್ಧವೇ. ಬರ್ಲಿನ್ನಿನ ಹೊಟ್ಟೆಗೆ ಪ್ರಯೋಗಾಲಯ, ನಮ್ಮ ಹೊಟ್ಟೆಗೆ ಬರಿಯ ಪುಸ್ತಕ.

ಹೀಗಿರುವಾಗ ಆ್ಯಂಟಿಬಯಾಟಿಕ್ ಬಿಟ್ಟು ಗಿಡಮೂಲಿಕೆ ಹಿಡಿಯಿರಿ ಎಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕುವುದು ಮೂರ್ಖತನ. ಅಜ್ಜಿಯ ಮದ್ದೆಂದು ಮೂಗು ಮುರಿಯುವ ಪಂಡಿತರ ಸಾಲಿನಲ್ಲಿ ನಾವಿಲ್ಲ. ನಮ್ಮ ದೇಶದ ವಿಜ್ಞಾನಿಗಳೇ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ತುಳಸಿ ಎಲೆಯ ಸಾರ ಜಿಲೇಬಿ ಮೀನಿನಲ್ಲಿ ರೋಗನಿರೋಧ ಶಕ್ತಿಯನ್ನು ಚುರುಕುಗೊಳಿಸುತ್ತದೆಂದು ಮದುರೆಯ ಸಂಶೋಧಕರು 2000ದಲ್ಲಿ ಪ್ರಕಟಿಸಿದರು. ಮುಂದೆ 2006ರಲ್ಲಿ ಅಮೃತಬಳ್ಳಿ, 2007ರಲ್ಲಿ ಗರುಗದ ಸೊಪ್ಪು. ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ ಅಂಟಿಕೊಳ್ಳುವ ಉತ್ತರಾಣಿ ಇದೆಯಲ್ಲ, ಅದನ್ನು ಮೇವಿನಲ್ಲಿ ಬೆರೆಸಿ ರೋಹುವಿಗೆ ತಿನ್ನಿಸಿದ ಪ್ರಯೋಗದ ಫಲ 2006ರಲ್ಲಿ ಹೊರಬಂತು. ಮರುವರ್ಷ ಬೆಳ್ಳುಳ್ಳಿಯದು. ಅರಿಸಿನ, ಅಶ್ವಗಂಧಗಳ ಸರದಿಯೂ ಬಂದಿತು.

ಈ ಪ್ರಯೋಗ ನಡೆಯುವ ಬಗೆ ಸರಳ. ಒಂದೇ ಗಾತ್ರದ ಮೀನುಗಳನ್ನು ತೊಟ್ಟಿಗಳಲ್ಲಿ ಬಿಡುತ್ತಾರೆ. ಒಂದು ಗುಂಪಿಗೆ ಬರಿಯ ಮೇವು, ಉಳಿದ ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಮೂಲಿಕೆ ಬೆರೆಸಿದ ಮೇವು. ಕೆಲವು ವಾರಗಳ ಬಳಿಕ ಎಲ್ಲಕ್ಕೂ ರೋಗದ ಜೀವಿಯನ್ನು ಚುಚ್ಚಿ, ಯಾವ ತೊಟ್ಟಿಯಲ್ಲಿ ಎಷ್ಟು ಉಳಿದವು ಎಂದು ಎಣಿಸುತ್ತಾರೆ. ರಕ್ತವನ್ನೂ ನೋಡುತ್ತಾರೆ. ಮೀನು ಶೀತರಕ್ತದ ಪ್ರಾಣಿ. ಒಂದು ರೋಗವನ್ನು ಗುರುತಿಟ್ಟುಕೊಂಡು ಅದಕ್ಕೇ ಎದುರಾಗುವ ಶಕ್ತಿ ಅದರಲ್ಲಿ ನಮ್ಮಷ್ಟು ಬೇಗ ಏಳುವುದಿಲ್ಲ. ಅದರ ಬದುಕು ನಿಂತಿರುವುದು ಹೆಚ್ಚಾಗಿ ಮೊದಲ ಕಾವಲಿನ ಮೇಲೆ: ಮೈಯ ಲೋಳೆ, ಸೂಕ್ಷ್ಮಜೀವಿಯ ಹೊರಗೋಡೆಯನ್ನು ಕರಗಿಸುವ ಲೈಸೋಜೈಮ್ ಎಂಬ ರಸ, ಬಂದವರನ್ನು ನುಂಗಿಹಾಕುವ ಬಿಳಿಯ ರಕ್ತಕಣಗಳು. ಮೂಲಿಕೆ ತಿಂದ ಮೀನಿನಲ್ಲಿ ಈ ಕಾವಲುಗಾರರು ಎಚ್ಚರವಾಗಿರುತ್ತಾರೆ ಎಂಬುದು ಇಂಥ ಎಷ್ಟೋ ಪ್ರಯೋಗಗಳಲ್ಲಿ ಕಂಡುಬಂದ ಮಾತು. ಮೀನು ಉಳಿದದ್ದೂ ಹೆಚ್ಚು. ಇದು ನಿಜ, ಇದರಲ್ಲಿ ನಮಗೆ ಸಂದೇಹವಿಲ್ಲ.

ಸಂದೇಹವಿರುವುದು ತೊಟ್ಟಿಯಿಂದ ಕೊಳಕ್ಕೆ ಬರುವ ದಾರಿಯಲ್ಲಿ.

ಮದುರೆಯ ತುಳಸಿ, ಅಮೃತಬಳ್ಳಿಯ ಪ್ರಯೋಗಗಳಲ್ಲಿ ಸಾರವನ್ನು ಮೀನಿನ ಹೊಟ್ಟೆಗೆ ಸೂಜಿಯಿಂದ ಚುಚ್ಚಿದ್ದರು. ಎಕರೆ ಕೊಳದ ಸಾವಿರಾರು ಮೀನನ್ನು ಹಿಡಿದು ಚುಚ್ಚುವವರು ಯಾರು? ಮೇವಿನಲ್ಲಿ ಬೆರೆಸಿದರೆ ಪ್ರತಿಯೊಂದು ಮೀನೂ ಸಮನಾಗಿ ತಿನ್ನುವುದಿಲ್ಲ. ರೋಗ ಹತ್ತಿದ ಮೀನು ಮೇವನ್ನೇ ಮುಟ್ಟುವುದಿಲ್ಲ. ಆದುದರಿಂದ ಮೂಲಿಕೆ ರೋಗ ಬರುವ ಮುಂಚೆ ಕೊಡಬೇಕಾದದ್ದು, ಬಂದ ಮೇಲೆ ಸುರಿಯುವುದಲ್ಲ. ಹೆಚ್ಚು ಹಾಕಿದಷ್ಟೂ ಹೆಚ್ಚು ಫಲವೆಂದೂ ಅಲ್ಲ. ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ ಕಾವಲಿನ ಶಕ್ತಿ ದಣಿಯುತ್ತದೆಂದು ತಿಳಿದವರು ಎಚ್ಚರಿಸುತ್ತಾರೆ. ಮಳೆಗಾಲದ ಅಮೃತಬಳ್ಳಿಯ ಗುಣ ಬೇಸಿಗೆಯದಕ್ಕಿಲ್ಲ, ಎಲೆಯ ಗುಣ ಕಾಂಡಕ್ಕಿಲ್ಲ. ಇನ್ನು ‘ಗಿಡವಲ್ಲವೇ, ಏನೂ ಕೆಡುಕಾಗದು’ ಎನ್ನುವವರು ಹಿಪ್ಪೆ ಹಿಂಡಿಯನ್ನು ನೆನೆಯಲಿ. ಕೊಳಕ್ಕೆ ಮರಿ ಬಿಡುವ ಮುಂಚೆ ಬೇಡದ ಮೀನುಗಳನ್ನೆಲ್ಲ ಕೊಲ್ಲಲು ಹಾಕುವುದು ಅದನ್ನೇ. ಹಳ್ಳಕ್ಕೆ ಕಾರೆಕಾಯಿ ಜಜ್ಜಿ ಹಾಕಿ ಮೀನು ತೇಲಿಸಿದ ಹುಡುಗರು ನಮ್ಮ ಓದುಗರಲ್ಲೂ ಇರಬಹುದು! ಬೇವಿನೆಣ್ಣೆಯೂ ಮಿತಿ ಮೀರಿದರೆ ಮೀನಿಗೆ ವಿಷವೇ.

ಹೋದ ಚಳಿಗಾಲದಲ್ಲಿ ನಾವು ಭದ್ರಾ ನಾಲೆಯ ಕೊನೆಯಂಚಿನ ಒಂದು ಹಳ್ಳಿಗೆ ಹೋಗಿದ್ದೆವು. ಬಾಗಿಲು ಮುಚ್ಚಿದ ಗಿರಣಿಯೊಂದರ ನೂಲುವ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಗೆಳೆಯರೊಬ್ಬರು, ಕೈಗೆ ಬಂದ ಪರಿಹಾರದ ಹಣಕ್ಕೆ ಭಾವಮೈದುನನ ಸಾಲವನ್ನೂ ಸೇರಿಸಿ, ಒಂದು ಎಕರೆಯಲ್ಲಿ ಕೊಳ ತೋಡಿಸಿದ್ದರು. ನಾವು ಹೋದ ದಿನ ಬೆಳಗಿನ ಜಾವದಲ್ಲಿ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ದಡದಲ್ಲಿ ಹತ್ತಾರು ಸತ್ತು ಬಿದ್ದಿದ್ದವು. ಗೆಳೆಯರು ಒಂದು ಸೀಸೆ ತೋರಿಸಿದರು. ಮೇಲೆ ಹಾರುತ್ತಿರುವ ಮೀನಿನ ಚಿತ್ರ, ಹದಿನಾಲ್ಕು ಮೂಲಿಕೆಗಳ ಸಾರವೆಂಬ ಬರಹ. ಯಾವ ಮೂಲಿಕೆ ಎಷ್ಟು ಎಂದಿಲ್ಲ. ತಯಾರಾದ ತಾರೀಖು ಇಲ್ಲ. ಯಾರು ಪರೀಕ್ಷಿಸಿದರು ಎಂಬುದಂತೂ ಇಲ್ಲವೇ ಇಲ್ಲ.

“ಎರಡು ಸೀಸೆ ಸುರಿದೆ ಸ್ವಾಮಿ, ಮೂರನೆಯದು ತನ್ನಿ ಅಂತಾರೆ,” ಎಂದರು ಅವರು.

ಎಷ್ಟು ಮರಿ ಬಿಟ್ಟಿದ್ದಿರಿ ಎಂದು ಕೇಳಿದೆವು. ಹತ್ತು ಸಾವಿರ ಎಂದರು. ಎಕರೆಗೆ ಎರಡರಿಂದ ನಾಲ್ಕು ಸಾವಿರ ಮರಿ ಎಂಬುದು ಗೆಂಡೆ ಮೀನಿನ ಸಾಕಣೆಯಲ್ಲಿ ಎಲ್ಲರೂ ಒಪ್ಪಿದ ಲೆಕ್ಕ. ಹತ್ತು ಸಾವಿರ ಬಿಡಲು ಹೇಳಿದವನು ಯಾರು? ಮರಿ ಮಾರಿದವನು. ಸೀಸೆ ಕೊಟ್ಟವನು? ಅವನೇ. ಮೇವು ಉದ್ದರಿ ಕೊಡುವವನೂ ಅವನೇ, ಕೊನೆಗೆ ಮೀನು ಎತ್ತುವಾಗ ತಾನು ಹೇಳಿದ ದರಕ್ಕೆ ಕೊಂಡು ಬಾಕಿ ಮುರಿದುಕೊಳ್ಳುವವನೂ ಅವನೇ. ಆ ನೀರು ಪಾಚಿಗಟ್ಟಿ ಹಸಿರಾಗಿತ್ತು. ಹಗಲು ಉಸಿರು ಕೊಡುವ ಪಾಚಿ ರಾತ್ರಿ ತಾನೇ ಉಸಿರನ್ನು ಕುಡಿದುಬಿಡುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಗಾಳಿ ಉಳಿಯುವುದಿಲ್ಲ. ಮೀನಿಗೆ ಬೇಕಾಗಿದ್ದದ್ದು ಗಾಳಿ. ಸುರಿದದ್ದು ಕಷಾಯ. ಮೇವು ನಿಲ್ಲಿಸಿ, ಪಂಪು ಹಚ್ಚಿ ನೀರು ಚಿಮ್ಮಿಸಿ, ಅರ್ಧ ಮೀನನ್ನು ಎತ್ತಿ ಮಾರಿಬಿಡಿ ಎಂದು ಹೇಳಿ ಬಂದೆವು. ಉಳಿದದ್ದು ಎಷ್ಟು, ಸಾಲ ತೀರಿದ್ದು ಎಷ್ಟು ಎಂದು ಬರೆಯಲು ಮನಸ್ಸು ಬರುವುದಿಲ್ಲ.

ಇದನ್ನು ಓದಿ ನಮ್ಮ ಸಣ್ಣ ವರ್ತಕ ಮಿತ್ರರು ಬೇಸರ ಪಡಬೇಕಾದ್ದಿಲ್ಲ. ಹತ್ತು ರೂಪಾಯಿ ಲಾಭಕ್ಕೆ ಸೀಸೆ ಇಟ್ಟು ಮಾರುವ ಅಂಗಡಿಯವನ ಮೇಲೆ ನಮ್ಮ ಕೋಪವಲ್ಲ. ಅವನಿಗೂ ಸೀಸೆಯಲ್ಲಿ ಏನಿದೆಯೆಂದು ಗೊತ್ತಿಲ್ಲ, ಮೀನು ಸತ್ತರೆ ಬೈಸಿಕೊಳ್ಳುವವನು ಮಾತ್ರ ಅವನು. ಗ್ರಂಧಿಗೆ ಅಂಗಡಿಯವರು ತಲೆಮಾರುಗಳಿಂದ ಅಶ್ವಗಂಧವನ್ನೂ ಅರಿಸಿನವನ್ನೂ ನೋಡಿ, ಮೂಸಿ, ತೂಗಿ ಕೊಟ್ಟವರು. ಅವರ ತಕ್ಕಡಿಯಿಂದ ಈ ವ್ಯಾಪಾರವನ್ನು ಕಿತ್ತು, ಬಣ್ಣದ ಚೀಟಿ ಅಂಟಿಸಿ, ಹತ್ತು ಪಟ್ಟು ಬೆಲೆಗೆ ಅದನ್ನೇ ಅವರಿಂದ ಮಾರಿಸುವ ಏರ್ಪಾಡಿನ ಬಗ್ಗೆ ನಾವು ಹೇಳುತ್ತಿರುವುದು.

ಬೇಲಿಯ ಗಿಡ ಯಾರ ಸೊತ್ತು ಎಂಬ ಪ್ರಶ್ನೆ ಹೊಸದಲ್ಲ. ಅರಿಸಿನದಿಂದ ಗಾಯ ಮಾಯುತ್ತದೆಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಪೇಟೆಂಟು ಕೊಟ್ಟರು! ನಮ್ಮ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಬೇವಿನ ಮೇಲೆ ಯೂರೋಪಿನಲ್ಲಿ ಕೊಟ್ಟಿದ್ದ ಪೇಟೆಂಟು 2000ದಲ್ಲಿ ಬಿದ್ದು, ಮೇಲ್ಮನವಿಯೆಲ್ಲ ಮುಗಿಯುವಾಗ 2005. ಹೊರಗಿನವರೊಡನೆ ಹೀಗೆ ಹೋರಾಡಿ ಉಳಿಸಿಕೊಂಡ ಗಿಡವನ್ನು ಒಳಗಿನವರ ಗುಟ್ಟಿನ ಸೀಸೆಗೆ ಒಪ್ಪಿಸುವುದೇ?

ಬೇರೆ ದಾರಿ ಇತ್ತು, ಈಗಲೂ ಇದೆ. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿ ಎಂಬ ಸರಕಾರಿ ವಿಜ್ಞಾನಿ ಮೀನಿನ ಮೆದುಳ ಬುಡದ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದಕ್ಕೆ ಮೊದಲು ರೋಹುವಿನ ಮರಿ ಬೇಕಾದರೆ ಪ್ರವಾಹದ ಹೊಳೆಯಲ್ಲಿ ಬಲೆ ಹಿಡಿದು ನಿಲ್ಲಬೇಕಿತ್ತು. ಆ ವಿದ್ಯೆಗೆ ಯಾರೂ ಬೀಗ ಹಾಕಲಿಲ್ಲ. ಸರಕಾರದ ಮರಿಕೇಂದ್ರಗಳಲ್ಲಿ ಕಲಿಸಿದರು, ಓದುಬರಹ ಕಡಿಮೆಯಿದ್ದ ಬೆಸ್ತರೂ ಕಲಿತರು. ಇಂದು ದೇಶದ ಪೇಟೆಗಳಲ್ಲಿ ರೋಹು ಸಿಗುವುದು ಅದರಿಂದ. ಆ ದಿನವನ್ನು ಈಗ ಮೀನು ಕೃಷಿಕರ ದಿನವೆಂದು ಸರಕಾರ ವರ್ಷ ವರ್ಷವೂ ಹಾರ ಹಾಕಿ ಆಚರಿಸುತ್ತದೆ. ಹಾರ ಹಾಕುವವರು ಪಾಠವನ್ನು ಮರೆತಿದ್ದಾರೆ.

ನಾರ್ವೆ ದೇಶದ ಮಾತನ್ನೂ ಹೇಳಬೇಕು. 1987ರಲ್ಲಿ ಅಲ್ಲಿಯ ಸಾಲ್ಮನ್ ಮೀನು ಸಾಕಣೆಗೆ ವರ್ಷಕ್ಕೆ ಸುಮಾರು ಐವತ್ತು ಟನ್ನು ಆ್ಯಂಟಿಬಯಾಟಿಕ್ ಸುರಿಯುತ್ತಿದ್ದರು. ಈಗ ಮೀನು ಹತ್ತು ಪಟ್ಟಿಗೂ ಮೀರಿ ಬೆಳೆದಿದೆ, ಔಷಧ ಒಂದು ಟನ್ನಿಗೂ ಕೆಳಗಿಳಿದಿದೆ. ಮೀನಿಗೆ ಲಸಿಕೆ ಬಂತು, ಸಾಕುವ ಜಾಗಕ್ಕೆ ಕಟ್ಟುನಿಟ್ಟು ಬಂತು, ಯಾರು ಎಷ್ಟು ಔಷಧ ಬಳಸಿದರೆಂಬ ಲೆಕ್ಕ ಬಂತು. ಲೆಕ್ಕವಿಟ್ಟದ್ದು ಸರಕಾರ, ಸೀಸೆ ಮಾರುವವನಲ್ಲ. ಅವರು ಸಿರಿವಂತರು, ನಮಗೆ ಅಷ್ಟು ಆಗದು ಎನ್ನುವುದಾದರೆ, 2020ರಲ್ಲಿ ಹೊರಟ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಗೆ ಗೊತ್ತುಮಾಡಿದ ಮೊತ್ತ 20,050 ಕೋಟಿ ರೂಪಾಯಿ ಎಂಬುದನ್ನು ನೆನಪಿಸುತ್ತೇವೆ.

ಆ ವರ್ಷವನ್ನು ನಮ್ಮ ಓದುಗರು ಬೇರೆ ಕಾರಣಕ್ಕೂ ಮರೆತಿರಲಾರರು. ಕೊರೊನಾ ಬಂದಾಗ ನಾವೆಲ್ಲ ಅಮೃತಬಳ್ಳಿಯ ಕಷಾಯ ಕುಡಿದೆವು. ನಾವೂ ಕುಡಿದೆವು, ಸುಳ್ಳು ಹೇಳುವುದೇಕೆ. ಗಿರಣಿಯ ಲೈನು ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗಿದ್ದರು, ಒಂದು ನಲ್ಲಿಗೆ ಮೂವತ್ತು ಮನೆ. ದೂರ ದೂರ ಇರಿ ಎಂದು ರೇಡಿಯೋ ಹೇಳುತ್ತಿತ್ತು. ದೂರ ಇರಲು ಜಾಗ ಕೊಡುವವರು ಬರಲಿಲ್ಲ, ರೋಗನಿರೋಧಕ ಶಕ್ತಿಯ ಪೊಟ್ಟಣ ಮಾರುವವರು ಮಾತ್ರ ಮನೆ ಮನೆಗೆ ಬಂದರು. ಹತ್ತು ಸಾವಿರ ಮೀನಿನ ಆ ಕೊಳದ ದಡದಲ್ಲಿ ನಿಂತಾಗ ನಮಗೆ ನೆನಪಾದದ್ದು ಆ ಲೈನು ಮನೆಗಳೇ.

ಆದುದರಿಂದ ನಮ್ಮ ಒತ್ತಾಯ ಮೂಲಿಕೆಯನ್ನು ಬಿಡಬೇಕೆಂದಲ್ಲ, ಅದನ್ನು ಬೆಳಕಿಗೆ ತರಬೇಕೆಂದು. ಭದ್ರಾ ಅಣೆಕಟ್ಟಿನ ಬಳಿ ಸರಕಾರದ್ದೇ ಮರಿಕೇಂದ್ರವಿದೆ. 1969ರಲ್ಲಿ ದೇಶಕ್ಕೇ ಮೊದಲಾಗಿ ತೆರೆದ ಮೀನುಗಾರಿಕೆ ಕಾಲೇಜು ನಮ್ಮ ಮಂಗಳೂರಿನಲ್ಲಿದೆ. ಇವರಿಬ್ಬರೂ ಕೂಡಿ, ತೊಟ್ಟಿಯಲ್ಲಲ್ಲ, ಬಯಲುಸೀಮೆಯ ಒಂದು ಕೊಳದಲ್ಲಿ, ಮಲೆನಾಡಿನ ಒಂದು ಕೊಳದಲ್ಲಿ, ರೈತನ ಒಂದು ಕೃಷಿಹೊಂಡದಲ್ಲಿ ಎರಡು ವರ್ಷ ಪ್ರಯೋಗ ನಡೆಸಲಿ. ಅರಿಸಿನ ಎಷ್ಟು, ಬೆಳ್ಳುಳ್ಳಿ ಎಷ್ಟು, ಯಾವ ತಿಂಗಳಲ್ಲಿ, ಎಷ್ಟು ದಿನ, ಖರ್ಚೆಷ್ಟು, ಉಳಿದ ಮೀನೆಷ್ಟು ಎಂಬುದನ್ನು ಫಲಿಸಿದ್ದನ್ನೂ ಫಲಿಸದ್ದನ್ನೂ ಸೇರಿಸಿ, ಕನ್ನಡದಲ್ಲಿ, ನಾಲ್ಕು ಪುಟದ ಹಾಳೆಯಲ್ಲಿ ಅಚ್ಚುಮಾಡಿ ಎಲ್ಲ ಪಂಚಾಯಿತಿಗಳ ಗೋಡೆಗೆ ಅಂಟಿಸಲಿ. ಪುಡಿ ಮಾಡುವ ಕೆಲಸ ಮೀನುಗಾರರ ಸಹಕಾರ ಸಂಘಗಳಿಗೂ ಹೆಂಗಸರ ಸಂಘಗಳಿಗೂ ಸಿಗಲಿ, ಕೂಲಿ ಸರಿಯಾಗಿರಲಿ. ಕಾಡಿನಿಂದ ಬೇರು ತರುವವರಿಗೆ ಕಿಲೋಗೆ ಬಿಡಿಗಾಸು ಕೊಟ್ಟು ಕಳಿಸುವ ದಲ್ಲಾಳಿಯನ್ನು ಇಲ್ಲಿಗೂ ಕರೆತರುವುದು ಬೇಡ.

ಸೀಸೆ ಮಾರುವವರು ಮಾರಲಿ, ಆದರೆ ಒಳಗೇನಿದೆ ಎಂದು ಬರೆದು ಮಾರಲಿ. ಕರಾವಳಿಯ ಸಿಗಡಿ ಸಾಕಣೆಗೆ 2005ರ ಕಾಯಿದೆಯಂತೆ ಒಂದು ಪ್ರಾಧಿಕಾರವಿದೆ. ನಾವು ತಿನ್ನುವ ಸಿಹಿನೀರಿನ ಮೀನಿಗೆ ಅಂಥ ಕೇಂದ್ರ ಪ್ರಾಧಿಕಾರವೊಂದಿಲ್ಲ. ಮೂಲಿಕೆಯ ಹೆಸರು ಹೇಳಿ ಒಳಗೆ ಆ್ಯಂಟಿಬಯಾಟಿಕ್ ಪುಡಿ ಬೆರೆಸಿದರೂ ಕೊಂಡವನು ಕಂಡುಹಿಡಿಯುವ ಬಗೆಯಿಲ್ಲ. ಜಿಲ್ಲೆಗೊಂದು ಪ್ರಯೋಗಾಲಯ ಬೇಕು. ಅಲ್ಲಿ ಕೊಳದ ನೀರು, ಸತ್ತ ಮೀನು, ಅಂಗಡಿಯ ಸೀಸೆ, ಸಂತೆಯ ರೋಹು ನಾಲ್ಕೂ ಪರೀಕ್ಷೆಯಾಗಬೇಕು. ವರದಿ ಬಡವನಿಗೆ ಪುಕ್ಕಟೆ ಸಿಗಬೇಕು, ಮೀನು ಸತ್ತು ತಿಂಗಳಾದ ಮೇಲಲ್ಲ, ಮಾರನೆಯ ದಿನ.

ಅಲ್ಲಿಯವರೆಗೆ ಕೊಳ ಇಟ್ಟವರು ಎಕರೆಗೆ ಎಷ್ಟು ಮರಿ ಎಂಬ ಲೆಕ್ಕವನ್ನು ಮರಿ ಮಾರುವವನಿಂದ ಕೇಳಬೇಡಿ. ಬೆಳಗಿನ ಜಾವ ಎದ್ದು ನೀರು ನೋಡಿ. ನಮ್ಮ ಪೇಟೆಯ ಮೀನು ಮಾರುವ ತಾಯಂದಿರ ಹತ್ತಿರ ನಾವು ಕಳೆದ ವಾರ ಮಾತಾಡಿದೆವು. ಸಾಕಿದ ಊರು ಯಾವುದು, ಏನು ಮೇವು ಹಾಕಿದರು ಎಂದು ಕೊಳ್ಳುವವರು ಕೇಳಿದರೆ ತಾವೂ ಲಾರಿಯವನನ್ನು ಕೇಳಲು ಧೈರ್ಯ ಬರುತ್ತದೆ ಎಂದು ಅವರಲ್ಲಿ ಹಿರಿಯರೊಬ್ಬರು ಹೇಳಿದರು. ಈ ಭಾನುವಾರದಿಂದ ಕೇಳಲು ಶುರುಮಾಡಿ.